ದೇಸಾಯರ ಕಟ್ಟು ಬಿಚ್ಚಿದ ಭರಮವ್ವ

ಎಷ್ಟು ವರ್ಷದ ಹಿಂದೆ ಎಂದು ನನ್ನನ್ನು ಕೇಳಬೇಡಿ. ನನಗೆ ಹೇಳಿದ ಮುದುಕಿಗೂ ಅದು ಗೊತ್ತಿರಲಿಲ್ಲ. ಬಹಳ ಹಿಂದೆ, ಎರೆಮಣ್ಣಿನ ಸೀಮೆಯ ಒಂದು ಊರಿನಲ್ಲಿ ಎಲುಬು ಕಟ್ಟುವ ಒಬ್ಬ ಹೆಣ್ಣುಮಗಳಿದ್ದಳಂತೆ. ಊರಿನ ಹೆಸರು ಹಿರೇಮಡ್ಡಿ, ನಮ್ಮೂರೇ. ಅವಳ ಹೆಸರು ಭರಮವ್ವ. ಕಟ್ಟಿನ ಭರಮವ್ವ ಎಂದರೆ ಸುತ್ತಲಿನ ಏಳೂರಿಗೆ ಗೊತ್ತು.

ಮರದಿಂದ ಬಿದ್ದವರು, ಎತ್ತು ಹಾಯ್ದು ಪೆಟ್ಟಾದವರು, ಬಂಡಿಯ ಗಾಲಿಗೆ ಕಾಲು ಕೊಟ್ಟವರು, ಎಲ್ಲರೂ ಅವಳ ಕಟ್ಟೆಗೇ ಬರಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಎಲುಬು ಎಲ್ಲಿ ಸರಿದಿದೆ, ಎಲ್ಲಿ ಬಿರಿದಿದೆ ಎಂದು ಅವಳಿಗೆ ತಿಳಿಯುತ್ತಿತ್ತಂತೆ. ಉದ್ದಿನ ಹಿಟ್ಟು ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು, ಹಳೆಯ ಸೀರೆಯ ಅರಿವೆ ಸುತ್ತಿ ಕಟ್ಟುತ್ತಿದ್ದಳು. ಒಮ್ಮೆ ಕಾಲು ಉಳುಕಿದ ಕೋಣವೊಂದು ಯಾರೂ ಹೊಡೆದುಕೊಂಡು ಬರದೆ ತಾನಾಗಿಯೇ ಅವಳ ಬಾಗಿಲಿಗೆ ಬಂದು ನಿಂತಿತ್ತಂತೆ. ನಾನು ಇದನ್ನು ನಂಬುವುದಿಲ್ಲ. ಆದರೆ ಹೇಳದೆ ಮುಂದೆ ಹೋದರೆ ನಮ್ಮ ಓಣಿಯವರು ನನ್ನನ್ನು ಬಿಡುವುದಿಲ್ಲ.

ಅವಳಿಗೆ ತಾಯಿಯಿಂದ ಬಂದ ಎರಡು ನೇಮಗಳಿದ್ದವು. ಒಂದು, ನಲವತ್ತೊಂದನೆಯ ದಿನ ಕಟ್ಟನ್ನು ಅವಳೇ ಬಿಚ್ಚಬೇಕು. ಬಿಚ್ಚಿದ ಮೇಲೆ ಗುಣವಾದವರು ಊರ ಸೀನೀರ ಬಾವಿಗೆ ಹೋಗಿ, ಮುರಿದಿದ್ದ ಅದೇ ಕೈಯಿಂದ ಒಂದು ಕೊಡ ನೀರು ಸೇದಿ ಅವಳ ಬೊಗಸೆಗೆ ಹುಯ್ಯಬೇಕು. ಕಾಲು ಮುರಿದಿದ್ದರೆ ಕೊಡ ಹೊತ್ತು ಅವಳ ಮನೆಯವರೆಗೆ ನಡೆಯಬೇಕು. ಅದೇ ಅವಳ ಕೂಲಿ, ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಎಲುಬು ಮಲಗಿದಲ್ಲೇ ಕೂಡುತ್ತದೆ, ಆದರೆ ಕೈ ಕೈಯಾಗಬೇಕಾದರೆ ಕೆಲಸಕ್ಕೆ ಬರಬೇಕು ಎನ್ನುತ್ತಿದ್ದಳಂತೆ.

ಇನ್ನೊಂದು ನೇಮ, ತನ್ನ ಬೆರಳಿಗೆ ತಿಳಿದದ್ದನ್ನು ಅವಳು ಯಾರ ಮುಂದೆಯೂ ಆಡಬಾರದು. ಯಾಕೆಂದರೆ ಗಂಡ ಹೊಡೆದು ಕೈ ಮುರಿದವಳೂ ಅವಳ ಹತ್ತಿರ ಬರುತ್ತಿದ್ದಳು, ಮತ್ತೊಬ್ಬರ ತೋಟದ ಗೋಡೆ ಹಾರಿ ಕಾಲು ಮುರಿದುಕೊಂಡವನೂ ಬರುತ್ತಿದ್ದ. ಅವಳು ಬಾಯಿಬಿಟ್ಟರೆ ಮರುದಿನದಿಂದ ಯಾರೂ ಬರುವುದಿಲ್ಲ, ಮನೆಯಲ್ಲೇ ಮಲಗಿ ಎಲುಬು ಸೊಟ್ಟ ಕೂಡಿಸಿಕೊಳ್ಳುತ್ತಾರೆ. ಅದಕ್ಕೇ ಆ ನೇಮ.

ಇನ್ನು ದೇಸಾಯರ ಕಥೆಗೆ ಬರೋಣ. ಹಿರೇಮಡ್ಡಿಯನ್ನು ಆಳುತ್ತಿದ್ದವನು ಚನ್ನವೀರ ದೇಸಾಯಿ. ಕೆಟ್ಟವನೇನಲ್ಲವಂತೆ, ಸೋಮಾರಿ ಅಷ್ಟೆ. ಕೆರೆಯ ತೂಬು ಸಡಿಲಾಗಿದೆ, ಏರಿಗೆ ಮಣ್ಣು ಹಾಕಿಸಿ ಎಂದು ಜನ ಮೂರು ಮಳೆಗಾಲ ಹೇಳಿದರು. ಆಗಲಿ ಎಂದ, ಆಳುಗಳನ್ನು ಕರೆಸಿದ, ತನ್ನ ವಾಡೆಯ ಮೇಲೆ ಗಾಳಿಗೆ ಕೂರಲು ಒಂದು ಮಾಳಿಗೆ ಕಟ್ಟಿಸಿಕೊಂಡ. ನಾಲ್ಕನೆಯ ಮಳೆಗೆ ಏರಿ ಒಡೆಯಿತು. ಕೆಳಗಿನ ಹೊಲಗಳ ಜೋಳವೆಲ್ಲ ಕೊಚ್ಚಿಹೋಯಿತು. ಜನ ಸಿಟ್ಟಿಗೆದ್ದರು. ಸೋಮವಾರ ಎಲ್ಲರೂ ಸೇರಿ ವಾಡೆಗೆ ಹೋಗಿ ಕೇಳಿಯೇಬಿಡೋಣ ಎಂದು ಮಾತಾಯಿತು.

ಭಾನುವಾರ ದೇಸಾಯಿ ಹಳ್ಳದಾಚೆಯ ಸಣ್ಣ ಊರು ಚಿಕ್ಕಮಡ್ಡಿಗೆ ಹೋಗಿ ತಿರುಗಿ ಬರುತ್ತಿದ್ದ. ಹಳ್ಳದ ಪಾಚಿಗಟ್ಟಿದ ಕಲ್ಲಿನ ಮೇಲೆ ಕುದುರೆ ಜಾರಿತು, ದೇಸಾಯಿ ಬಿದ್ದ. ಭರಮವ್ವನನ್ನು ಕರೆಸಿದರು. ಬಲಗೈ, ಮೊಣಕೈಯ ಕೆಳಗೆ, ಒಂದು ಸಣ್ಣ ಬಿರುಕು. ಅವಳ ಬೆರಳಿಗೆ ಅಷ್ಟೇ ಸಿಕ್ಕಿತು.

"ಹೆಂಗಾತ್ರೀ ಧಣ್ಯಾರ?" ಎಂದು ಕೇಳಿದಳು.

"ಕುದುರಿ ಜಾರ್ತು ಭರಮವ್ವಾ. ಯಾರ ಮುಂದನೂ ಅನಬ್ಯಾಡ. ಹುಟ್ಟಿದಾಗಿಂದ ಕುದುರಿ ಏರಿದಾಂವ ಪಾಚಿ ಮ್ಯಾಲೆ ಬಿದ್ದ ಅಂದ್ರ ಮಂದಿ ನಗ್ತಾರ."

ಅವಳು ಕಟ್ಟು ಕಟ್ಟಿ, ನಲವತ್ತೊಂದು ದಿನ ನೀರು ತಾಗಿಸಬೇಡಿ ಎಂದು ಹೇಳಿ ಬಂದಳು.

ಮರುದಿನ ಜನ ವಾಡೆಯ ಮುಂದೆ ಸೇರಿದರು. ಬೈಗುಳ ಬಾಯಿತುದಿಗೇ ಬಂದಿತ್ತು. ಅಷ್ಟರಲ್ಲಿ ದೇಸಾಯಿ ಕೊರಳಿಗೆ ಅರಿವೆ ಕಟ್ಟಿ ಅದರಲ್ಲಿ ತೋಳು ತೂಗಿಬಿಟ್ಟುಕೊಂಡು ಹೊರಗೆ ಬಂದ. ಗದ್ದಲ ಗಪ್ಪಾಯಿತು. ಒಬ್ಬ ಮುದುಕಿ, ಅಯ್ಯ ನನ್ನಪ್ಪಾ ಎಂದು ಅತ್ತೇಬಿಟ್ಟಳು. ಯಾರು ಮಾಡಿದರು ಎಂದು ಯಾರೋ ಕೇಳಿದರು. ದೇಸಾಯಿ ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿದ್ದ ಅವನ ಕಾರಭಾರಿ ನಿಂಗೋಜಿ ಉತ್ತರ ಕೊಟ್ಟ:

"ಇನ್ಯಾರು? ಚಿಕ್ಕಮಡ್ಡಿ ಮಂದಿ."

ದೇಸಾಯಿ ಅಲ್ಲ ಎನ್ನಲಿಲ್ಲ. ಅವನು ಮಾಡಿದ್ದು ಅಷ್ಟೇ ಎನ್ನುತ್ತಾರೆ ಹಿರಿಯರು. ಅಲ್ಲ ಎನ್ನಲಿಲ್ಲ.

ಕೆರೆಯ ಮಾತು ಅಲ್ಲಿಗೆ ಬಿತ್ತು. ಕೇಳಲು ಬಂದವರು ಕಣ್ಣೊರೆಸಿಕೊಂಡು ಮನೆಗೆ ಹೋದರು. ಮರುದಿನ ಅವರವರ ಮನೆಯಿಂದ ಹಾಲು ಬಂತು, ತುಪ್ಪ ಬಂತು. ಜೋಳ ಕೊಚ್ಚಿಹೋದವನೇ ತನ್ನ ಮನೆಯ ಕೊನೆಯ ಬೆಲ್ಲದ ಉಂಡೆ ತಂದು ವಾಡೆಯಲ್ಲಿಟ್ಟ. ದೇಸಾಯಿಗೆ ಅಷ್ಟು ಪ್ರೀತಿ ಸಿಕ್ಕಿದ್ದು ಅದೇ ಮೊದಲು. ಅವನ ತಂದೆ ಸತ್ತಾಗಲೂ ಯಾರೂ ಅವನ ಕೈ ಹಿಡಿದು ಅತ್ತಿರಲಿಲ್ಲ. ಅದನ್ನು ಬಿಟ್ಟುಕೊಡುವುದು ಅವನಿಂದ ಆಗಲಿಲ್ಲ.

ನಲವತ್ತೊಂದನೆಯ ದಿನ ಭರಮವ್ವ ಬರಿಕೊಡ ಹಿಡಿದು ವಾಡೆಗೆ ಹೋದಳು. ಇನ್ನೂ ನೋವಿದೆ ಎಂದು ದೇಸಾಯಿ ಹೇಳಿಕಳಿಸಿದ. ಎಂಟು ದಿನ ಬಿಟ್ಟು ಮತ್ತೆ ಹೋದಳು. ಈ ಸಲ ಅರಿವೆಯ ಮೇಲಿಂದಲೇ ಒತ್ತಿ ನೋಡಿದಳು. ಎಲುಬು ಕೂಡಿತ್ತು, ಗಟ್ಟಿಯಾಗಿ ಕೂಡಿತ್ತು. ಅವಳು ಅವನ ಮುಖ ನೋಡಿದಳು, ಅವನು ಗೋಡೆ ನೋಡಿದ. ಮೂರನೆಯ ಸಲ ಹೋದಾಗ ನಿಂಗೋಜಿ ಬಾಗಿಲಲ್ಲೇ ತಡೆದ. ಅವಳ ಹಳೆಯ ಸೀರೆಯ ಕಟ್ಟಿನ ಮೇಲೆ ಅವನು ಆಗಲೇ ರೇಷ್ಮೆಯ ಅರಿವೆ ಸುತ್ತಿಸಿದ್ದ. ಹಬ್ಬಕ್ಕೊಂದು ಹೊಸ ಸುತ್ತು ಬರುತ್ತಿತ್ತಂತೆ.

ಹೀಗೆ ಒಂದು ವರ್ಷವಾಯಿತು, ಎರಡಾಯಿತು. ಕಥೆ ಮಾತ್ರ ಬೆಳೆಯುತ್ತಾ ಹೋಯಿತು. ಒಂದು ಕಲ್ಲು ಎಸೆದರು ಎಂದಿದ್ದದ್ದು ಹತ್ತು ಕಲ್ಲಾಯಿತು, ಆಮೇಲೆ ನೂರು ಜನರ ದಂಡಾಯಿತು. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು, ಬಿಳಿಯದಾಗಿ ಕಾಣುತ್ತಿತ್ತು ಎಂದು ನಿಂಗೋಜಿ ಕಂಡವರಿಗೆಲ್ಲ ಬಣ್ಣಿಸುತ್ತಿದ್ದ. ನೋಡಿ, ಚಿಕ್ಕಮಡ್ಡಿಯಲ್ಲಿ ಇದ್ದದ್ದು ಮೂವತ್ತು ಗುಡಿಸಲು. ದೇಸಾಯಿಗೆ ವಾಡೆ, ಕುದುರೆ, ಕತ್ತಿ ಹಿಡಿದ ನಲವತ್ತು ಆಳು. ಆದರೂ ಊರಿನ ಬಾಯಲ್ಲಿ ಬಲಿಷ್ಠರು ಅವರು, ಪಾಪದವನು ಇವನು! ನನಗೆ ಇಲ್ಲಿಗೆ ಬಂದಾಗಲೆಲ್ಲ ಸಿಟ್ಟು ಬರುತ್ತದೆ, ಆದರೆ ಕಥೆ ನಿಲ್ಲಿಸುವುದಿಲ್ಲ.

ಮೊದಲು ಸೀನೀರ ಬಾವಿಯ ಸುತ್ತ ಜಾಲಿಮುಳ್ಳಿನ ಬೇಲಿ ಬಂತು. ಚಿಕ್ಕಮಡ್ಡಿಯವರಿಗೆ ನೀರಿಲ್ಲ. ಅವರ ಊರಲ್ಲಿ ಎಲ್ಲಿ ತೋಡಿದರೂ ಉಪ್ಪಿನ ಸವಳು ನೀರು, ಎರಡೂ ಊರಿಗೆ ಆ ಒಂದೇ ಬಾವಿ ಆಸರೆಯಾಗಿತ್ತು. ಆಮೇಲೆ ಊರಿನಲ್ಲಿ ಯಾರೂ ಏನೂ ಕೇಳದ ಹಾಗಾಯಿತು. ತೂಬು ಯಾವಾಗ ಸರಿಮಾಡಿಸುತ್ತೀರಿ ಎಂದರೆ, ದೇಸಾಯರ ಕೈ ಹೀಗಿರುವಾಗ ನಿನಗೆ ತೂಬಿನ ಚಿಂತೆಯೇ ಎಂದು ತಿರುಗಿ ಬೀಳುತ್ತಿದ್ದರು. ನಿಂಗೋಜಿ ತಾನೂ ಕೊರಳಿಗೆ ಅರಿವೆ ಕಟ್ಟಿ ಬಲಗೈ ತೂಗಿಬಿಟ್ಟ, ಧಣಿಯ ನೋವು ನನ್ನ ನೋವು ಎಂದ. ಅವನನ್ನು ನೋಡಿ ವಾಡೆಯವರು ಹಾಕಿಕೊಂಡರು, ಅವರನ್ನು ನೋಡಿ ಓಣಿಯವರು. ಹಾಕಿಕೊಳ್ಳದವನು ಚಿಕ್ಕಮಡ್ಡಿಯ ಕಡೆಯವನು ಎಂದಾಯಿತು. ಊರಿಗೆ ಊರೇ ಎಡಗೈಯಲ್ಲಿ ಉಣ್ಣುತ್ತಿತ್ತಂತೆ. ಬಿತ್ತನೆಯ ದಿನ ಒಂದೇ ಕೈಯಲ್ಲಿ ಕೂರಿಗೆ ಹಿಡಿದು, ಸಾಲು ಹಾವಿನ ಹಾಗೆ ಹರಿಯಿತಂತೆ.

ಇಷ್ಟೆಲ್ಲದರ ನಡುವೆ ಭರಮವ್ವನ ಹೆಸರು ಕೆಟ್ಟಿತು. ಮೂರು ವರ್ಷವಾದರೂ ಒಂದು ಕೈ ಗುಣಮಾಡಲಾಗಲಿಲ್ಲ, ಅವಳ ಕೈಗುಣ ಹೋಯಿತು ಎಂದರು. ಕಾಲು ಮುರಿದ ಕುಂಬಾರನೊಬ್ಬನನ್ನು ಹೆಂಡತಿ ಅವಳ ಮನೆಯ ಮುಂದೆಯೇ ಬಂಡಿಯಲ್ಲಿ ಬೇರೆ ಊರಿಗೆ ಸಾಗಿಸಿದಳು. ಎರಡು ತಿಂಗಳಾದ ಮೇಲೆ ಅವನು ಸೊಟ್ಟಗಾಲಿನಲ್ಲಿ ಕುಂಟುತ್ತಾ ಹೋಗುವುದನ್ನು ಭರಮವ್ವ ಕಟ್ಟೆಯ ಮೇಲೆ ಕೂತು ನೋಡಿದಳು. ತನ್ನ ಹೆಸರು ಹೋದದ್ದಕ್ಕಿಂತ ಆ ಕಾಲು ನೋಡಿ ಅವಳಿಗೆ ಹೆಚ್ಚು ಸಂಕಟವಾಯಿತಂತೆ.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅವಳ ಒಬ್ಬಳೇ ಮಗಳು ಮಾಳವ್ವನನ್ನು ಕೊಟ್ಟದ್ದು ಚಿಕ್ಕಮಡ್ಡಿಗೆ. ಬಾವಿಗೆ ಬೇಲಿ ಬಿದ್ದ ವರ್ಷವೇ ಮಾಳವ್ವನಿಗೆ ಹೆಣ್ಣು ಕೂಸು ಹುಟ್ಟಿತ್ತು. ಹಳ್ಳದ ಉಸುಕಿನಲ್ಲಿ ಒರತೆ ತೋಡಿ, ಸವಳು ನೀರು ಸೋಸಿ ಕೂಸಿಗೆ ಕುಡಿಸುತ್ತಿದ್ದಳು. ಒಂದು ದಿನ ತಾಯಿ ಮಗಳು ಹಳ್ಳದ ಆಚೆ ಈಚೆ ನಿಂತರು.

"ಯವ್ವಾ, ನಿನಗ ಗೊತ್ತೈತಿ. ಆ ಕೈಗೆ ಏನಾಗೈತಿ ಅಂತ ನಿನಗ ಗೊತ್ತೈತಿ. ಯಾಕ ಹೇಳವಲ್ಲಿ?" ಎಂದಳು ಮಾಳವ್ವ.

ಭರಮವ್ವ ತಾಯಿಯ ನೇಮ ನೆನಪಿಸಿದಳು.

"ನಿನಗ ನೇಮ ದೊಡ್ಡದು. ನನ್ನ ಕೂಸಿಗೆ ನೀರು ಅಂದ್ರ ಉಪ್ಪು ಅಂತನ ಗೊತ್ತು" ಎಂದು ಮಗಳು ಒರತೆಯ ಕಡೆ ತಿರುಗಿದಳು. ಆ ದಿನ ಭರಮವ್ವ ಒಲೆ ಹಚ್ಚಲಿಲ್ಲ.

ಆ ವಾರವೇ ವಾಡೆಯಿಂದ ಡಂಗುರ ಸಾರಿಸಿದರು. ಮಳೆಗಾಲಕ್ಕೆ ಮೊದಲು ಚಿಕ್ಕಮಡ್ಡಿಯನ್ನು ಖಾಲಿ ಮಾಡಿಸಬೇಕು. ಬರುವ ಸೋಮವಾರ ಬೆಳಿಗ್ಗೆ ಎಲ್ಲರೂ ಸೀನೀರ ಬಾವಿಯ ಹತ್ತಿರ ಸೇರುವುದು, ದೇಸಾಯರ ಕೈ ನೋಡಿ ನಮಸ್ಕಾರ ಮಾಡುವುದು, ಬಡಿಗೆ ಹಿಡಿದು ಹಳ್ಳ ದಾಟುವುದು. ಗುಡಿಸಲು ಒಂದೂ ಉಳಿಯಬಾರದು.

ಸೋಮವಾರ ಬಂತು. ಊರೆಲ್ಲ ಸೇರಿತ್ತು. ಒಂದು ಕೈ ಕೊರಳಲ್ಲಿ, ಇನ್ನೊಂದು ಕೈಯಲ್ಲಿ ಬಡಿಗೆ. ಮುಳ್ಳುಬೇಲಿಯ ಆಚೆ ಚಿಕ್ಕಮಡ್ಡಿಯ ಹೆಂಗಸರು ಬರಿಕೊಡ ಹಿಡಿದು ನಿಂತಿದ್ದರು. ಕೊನೆಗೆ ಒಂದು ಸಲ ಕೈಮುಗಿದು ಕೇಳಿ ನೋಡೋಣ ಎಂದು ಬಂದಿದ್ದರು. ಅವರಲ್ಲಿ ಮಾಳವ್ವನೂ ಇದ್ದಳು, ಕೂಸು ಅವಳ ಸೊಂಟದ ಮೇಲಿತ್ತು.

ಭರಮವ್ವ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಕಂಕುಳಲ್ಲಿ ಕೊಡ, ಕೈಯಲ್ಲಿ ದಬ್ಬೆಗಳ ಗಂಟು. ಆ ಗಂಟನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟು, ದೇಸಾಯಿಗೆ ಕೈಮುಗಿದಳು.

"ಧಣ್ಯಾರ, ತಪ್ಪು ನಂದ್ರಿ. ನಾ ಕಟ್ಟಿದ ಕಟ್ಟು ಮೂರು ವರ್ಷಾದ್ರೂ ಫಲ ಕೊಡಲಿಲ್ಲ ಅಂತ ಊರೆಲ್ಲ ಅಂತೈತಿ. ಕಟ್ಟು ಕೆಟ್ಟರ ಕಟ್ಟಿದಾಕಿನ ಹತ್ತು ಮಂದಿ ಮುಂದ ಬಿಚ್ಚಬೇಕು, ದಬ್ಬೆ ಬಾವ್ಯಾಗ ಒಗದು ಕಸಬು ಬಿಡಬೇಕು. ನಮ್ಮವ್ವ ಹಂಗ ಹೇಳಿ ಸತ್ತಾಳ. ಬಿಚ್ಚಾಕ ಅಪ್ಪಣೆ ಕೊಡ್ರಿ. ಆಮ್ಯಾಲೆ ನೀವು ಎಲ್ಲಿಗರೆ ಹೋಗ್ರಿ, ನಾ ಅಡ್ಡ ಬರಾಂಗಿಲ್ಲ."

ಈಗ ಬೇಡ ಎಂದ ನಿಂಗೋಜಿ. ಧಣಿಗೆ ಗಾಳಿ ತಾಗುತ್ತದೆ ಎಂದ. ಆದರೆ ನೋಡಿ, ಜನ ಬಿಡಲಿಲ್ಲ. ಚರ್ಮ ಹರಿದು ಎಲುಬು ಹೊರಗೆ ಬಂದಿದೆ ಎಂದು ಮೂರು ವರ್ಷ ಕೇಳಿದವರು ಅವರು. ಅದನ್ನು ಕಣ್ಣಾರೆ ಕಂಡರೆ ಬಡಿಗೆ ಇನ್ನೂ ಜೋರಾಗಿ ಬೀಳುತ್ತದೆ ಎಂದು ಹುಮ್ಮಸ್ಸು. ಬಿಚ್ಚಲಿ, ಆ ಪಾಪಿಗಳು ಮಾಡಿದ್ದನ್ನು ಎಲ್ಲರೂ ನೋಡಲಿ ಎಂದು ಕೂಗಿದರು. ದೇಸಾಯಿಯ ಮೇಲೆ ಅತಿ ಹೆಚ್ಚು ಪ್ರೀತಿಯಿದ್ದವರೇ ಅತಿ ಜೋರಾಗಿ ಕೂಗಿದರಂತೆ. ನಿಂಗೋಜಿ ತಾನು ಮೂರು ವರ್ಷ ಊದಿ ಊದಿ ಹೊತ್ತಿಸಿದ್ದನ್ನು ಒಂದು ಗಳಿಗೆಯಲ್ಲಿ ಆರಿಸುವುದು ಹೇಗೆ? ದೇಸಾಯಿ ಬೇಡವೆನ್ನಲಿಲ್ಲ. ಅಲ್ಲ ಎನ್ನದೆ ಇರುವುದು ಅವನಿಗೆ ರೂಢಿಯಾಗಿತ್ತು.

ಭರಮವ್ವ ಬಿಚ್ಚತೊಡಗಿದಳು. ಕೆಂಪು ರೇಷ್ಮೆ ಬಂತು, ಹಸಿರು ಬಂತು, ಹಳದಿ ಬಂತು, ಜರಿಯಂಚಿನದು ಬಂತು. ರಾಶಿ ಅವಳ ಮೊಣಕಾಲವರೆಗೆ ಬಂತಂತೆ. ಕೊನೆಗೆ ಅವಳದೇ ಹಳೆಯ ಸೀರೆಯ ಅರಿವೆ, ಅದರೊಳಗೆ ಅವಳದೇ ನಾಲ್ಕು ದಬ್ಬೆ. ಅವೂ ಕಳಚಿದವು.

ಗಾಯವಿರಲಿಲ್ಲ. ಕಲೆಯೂ ಇರಲಿಲ್ಲ. ಎಲುಬು ನೆಟ್ಟಗೆ ಕೂಡಿತ್ತು. ಆದರೆ ಕೈ ಎನ್ನುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಒಣಗಿದ ಜೋಳದ ದಂಟಿನಷ್ಟು ದಪ್ಪ, ಬಿಸಿಲು ಕಾಣದೆ ಬಿಳಿಚಿದ ಚರ್ಮ, ಮಡಿಚಿಕೊಂಡು ನಿಂತ ಬೆರಳು. ಮೂರು ವರ್ಷದಲ್ಲಿ ದೇಸಾಯಿ ತಾನೂ ಅದನ್ನು ನೋಡಿರಲಿಲ್ಲ. ನೋಡಿದವನೇ ಹೆದರಿ ಅತ್ತುಬಿಟ್ಟ.

"ಇದು ನನ್ನ ಕೈಯೇನ ಭರಮವ್ವಾ?"

ಆ ಹೊತ್ತಿನಲ್ಲಿ ಅವಳು ಬಾಯಿ ತೆರೆದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಬೇಕು ಎಂದು ಅವಳಿಗೆ ಅನಿಸಿತೂ ಹೌದು. ಮಗಳು ನಿಂತಿದ್ದಾಳೆ, ಅವಳ ಸೊಂಟದ ಮೇಲೆ ಕೂಸಿದೆ, ಕುಂಬಾರನ ಸೊಟ್ಟಗಾಲು ಕಣ್ಣ ಮುಂದಿದೆ. ಆದರೆ ಆ ಬಡಕಲು ತೋಳು ತನ್ನ ಅಂಗೈಯಲ್ಲಿ ಹಗುರಾಗಿ ಬಿದ್ದಿದ್ದಾಗ ಅವಳ ಸಿಟ್ಟು ಇಳಿಯಿತಂತೆ. ಎಷ್ಟೆಂದರೂ ಅದು ಗುಣವಾಗಬೇಕಾದ ಕೈ.

"ನಿಮ್ಮದರೀ. ಎಲುಬು ಕೂಡೈತಿ. ನೀರು ಸೇದಿದ್ರ ಕೈ ತಿರುಗಿ ಬರ್ತೈತಿ, ಬರ್ರಿ" ಎಂದು ಕೊಡ ಮುಂದಿಟ್ಟಳು.

ಭರಮವ್ವ ಕೊಡಕ್ಕೆ ಹಗ್ಗ ಬಿಗಿದು ಬಾವಿಗೆ ಬಿಟ್ಟಳು. ದೇಸಾಯಿಯ ಬೆರಳು ಒಂದೊಂದಾಗಿ ಬಿಡಿಸಿ ಹಗ್ಗದ ಮೇಲಿಟ್ಟಳು. ಅವನು ಎಳೆದ. ಗಡಗಡಿ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು, ಕೊಡ ಅರ್ಧ ಬಾವಿಯಲ್ಲಿ ನಿಂತಿತು. ಮೇಲೆ ಬಾರದು, ಕೆಳಗೆ ಬಿಡಲು ಅವನಿಗೆ ಮನಸ್ಸಿಲ್ಲ. ಬೆವರು ಇಳಿಯಿತು. ಸಹಾಯಕ್ಕೆ ಹೋಗಬೇಕೆಂದರೆ ಊರಿನವರ ಕೈಯೆಲ್ಲ ಕೊರಳಿಗೆ ಕಟ್ಟಿತ್ತು!

ಬೇಲಿಯ ಆಚೆಯಿಂದ ಮಾಳವ್ವ ಮುಳ್ಳು ತುಳಿದುಕೊಂಡೇ ಬಂದಳು. ಕೂಸನ್ನು ಕಟ್ಟೆಯ ಮೇಲೆ ಕೂರಿಸಿದಳು, ದೇಸಾಯಿಯ ಹಿಂದೆ ನಿಂತು ಹಗ್ಗ ಹಿಡಿದಳು. ಅವನು ತಿರುಗಿ ನೋಡಿದ. ಅವಳು ಎಳೆದಳು. ಕೊಡ ಮೇಲೆ ಬಂತು.

ದೇಸಾಯಿ ಎರಡೂ ಕೈಯಲ್ಲಿ ಕೊಡ ಎತ್ತಿ ಭರಮವ್ವನ ಬೊಗಸೆಗೆ ನೀರು ಹುಯ್ದ. ಅವಳು ಕುಡಿಯಲಿಲ್ಲ. ಆ ಬೊಗಸೆಯನ್ನು ಮೊಮ್ಮಗಳ ಬಾಯಿಗೆ ಹಿಡಿದಳು. ಕೂಸು ಒಂದು ಗುಟುಕು ಕುಡಿದು, ನಿಲ್ಲಿಸಿ, ಅಜ್ಜಿಯ ಮುಖ ನೋಡಿತು.

"ಇದು ನೀರಲ್ಲಾಯೀ, ಬೆಲ್ಲ" ಎಂದಿತು.

ದೇಸಾಯಿ ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತ. ತನ್ನ ಕೈ ನೋಡಿದ. ಆಮೇಲೆ ಹತ್ತಿರ ನಿಂತವರಿಗಷ್ಟೇ ಕೇಳುವ ಹಾಗೆ ಹೇಳಿದ:

"ಕುದುರಿ ಜಾರಿತ್ತು."

ಏನೆಂದರು ಎಂದು ಹಿಂದಿನವರು ಕೇಳಿದರು. ಕುದುರೆ ಜಾರಿತ್ತಂತೆ ಎಂದು ಮುಂದಿನವರು ಹೇಳಿದರು. ಮಾತು ಬೇಲಿಯವರೆಗೆ ಹೋಯಿತು. ಒಬ್ಬ ಮುದುಕ, ಜೋಳ ಕೊಚ್ಚಿಹೋಗಿ ಕೊನೆಯ ಬೆಲ್ಲ ಕೊಟ್ಟಿದ್ದನಲ್ಲ, ಅವನೇ, ಮೊದಲು ನಕ್ಕ. ಆಮೇಲೆ ಇನ್ನೊಬ್ಬ. ಆಮೇಲೆ ಊರಿಗೆ ಊರೇ ನಕ್ಕಿತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿತು. ದೇಸಾಯಿಯನ್ನು ಹಂಗಿಸುವ ನಗೆಯಲ್ಲ ಅದು ಎನ್ನುತ್ತಾರೆ. ಯಾರ ಗುಡಿಸಲನ್ನೂ ಸುಡದೆ, ಯಾರ ತಲೆಯನ್ನೂ ಒಡೆಯದೆ ಮನೆಗೆ ಹೋಗಬಹುದು ಎಂದು ತಿಳಿದಾಗ ಬರುವ ನಗೆ. ಬೆಳಗಿನಿಂದ ಒಬ್ಬೊಬ್ಬನ ಎದೆಯ ಮೇಲೂ ಒಂದು ಕಲ್ಲು ಕೂತಿತ್ತು, ಆ ಕಲ್ಲು ಇಳಿಯಿತು. ಬಡಿಗೆಗಳು ಕೆಳಗೆ ಬಿದ್ದವು. ಕೊರಳಿನ ಅರಿವೆಗಳು ಬಿಚ್ಚಿದವು. ಮೊಣಕೈ ಚಾಚಿದರೆ ಎಲ್ಲರಿಗೂ ಲಟಲಟ ಸದ್ದು!

ನಿಂಗೋಜಿಯ ಕೈ ಎಲ್ಲರಿಗಿಂತ ಬಿಗಿದುಹೋಗಿತ್ತಂತೆ. ಭರಮವ್ವ ಅವನ ಕೈಯಿಂದ ಅದೇ ದಿನ ಇಪ್ಪತ್ತು ಕೊಡ ಸೇದಿಸಿದಳು, ಒಂದೊಂದನ್ನೂ ಚಿಕ್ಕಮಡ್ಡಿಯ ಒಂದೊಂದು ಮನೆಗೆ ಹೊರಿಸಿದಳು. ಮೂವತ್ತು ಎಂದು ಹೇಳುವವರೂ ಇದ್ದಾರೆ. ನಾನು ಮೂವತ್ತಕ್ಕೇ ಒಪ್ಪುತ್ತೇನೆ, ಗುಡಿಸಲು ಅಷ್ಟಿದ್ದವಲ್ಲ.

ದಬ್ಬೆಗಳ ಗಂಟನ್ನು ಬಾವಿಗೆ ಹಾಕಲು ಅವಳು ಎತ್ತಿಕೊಂಡಾಗ, ಕುಂಬಾರನ ಹೆಂಡತಿ ಓಡಿಬಂದು ಅವಳ ಕೈ ಹಿಡಿದಳು. ಕಟ್ಟು ಕೆಟ್ಟಿಲ್ಲವಲ್ಲ, ಆಯಿ, ಎಂದು ಅತ್ತಳು. ಭರಮವ್ವ ಗಂಟನ್ನು ತಿರುಗಿ ಕಂಕುಳಿಗೆ ಇರುಕಿಕೊಂಡಳು.

ಬೇಲಿ ಅಂದೇ ಕಿತ್ತರು. ಕೈಗಳೆಲ್ಲ ಬಿಡುವಾಗಿದ್ದವು, ಆ ಬೇಸಿಗೆಯಲ್ಲೇ ಎರಡೂ ಊರಿನವರು ಸೇರಿ ಕೆರೆಯ ಏರಿ ಕಟ್ಟಿದರು. ದೇಸಾಯಿ ದಿನಾ ಬೆಳಿಗ್ಗೆ ಬಾವಿಗೆ ಬಂದು ಒಂದು ಕೊಡ ಸೇದುತ್ತಿದ್ದ. ವರ್ಷದೊಳಗೆ ಕೈ ಪೂರ್ತಿ ಬಂತು ಎಂದು ಕೆಲವರು, ಕೊನೆಯವರೆಗೂ ತುಸು ನಡುಗುತ್ತಿತ್ತು ಎಂದು ಕೆಲವರು. ಹಾಲು ತುಪ್ಪ ಯಾರೂ ತರಲಿಲ್ಲ. ಆದರೆ ಕೊಡ ಮೇಲೆ ಬಂದಾಗ ಅಲ್ಲಿದ್ದವರು, ಇವತ್ತು ಬೇಸಾತ್ರೀ ಧಣ್ಯಾರ, ಚಲೋ ಸೇದಿದ್ರಿ ಎನ್ನುತ್ತಿದ್ದರಂತೆ. ಅವನಿಗೆ ಅದೇ ಸಾಕಾಯಿತು. ಕೆರೆಯ ತೂಬನ್ನು ಪ್ರತಿ ಮಳೆಗಾಲಕ್ಕೆ ಮೊದಲು ತಾನೇ ಹೋಗಿ ನೋಡುತ್ತಿದ್ದ. ಭರಮವ್ವ ದೇಸಾಯಿಯ ಕೈಯ ವಿಷಯ ಸಾಯುವವರೆಗೂ ಯಾರ ಮುಂದೆಯೂ ಆಡಲಿಲ್ಲ. ನಮಗೆಲ್ಲ ಗೊತ್ತಾದದ್ದು ದೇಸಾಯಿಯ ಬಾಯಿಂದಲೇ.

ಇವತ್ತಿಗೂ ಹಿರೇಮಡ್ಡಿಯಲ್ಲಿ ಯಾರಿಗಾದರೂ ಪೆಟ್ಟಾದರೆ, ಅನ್ಯಾಯವಾದರೆ, ಅವರು ಬಾವಿಗೆ ಹೋಗುವ ಹಾಗಿಲ್ಲ. ನಲವತ್ತೊಂದು ದಿನ ಊರೇ ಅವರ ಮನೆಗೆ ನೀರು ಹೊರುತ್ತದೆ. ಹೇಗಾಯಿತು ಎಂದು ಕೇಳುತ್ತಾರೆ, ಕೂತು ಪೂರ್ತಿ ಕೇಳುತ್ತಾರೆ. ಸುಳ್ಳೋ ನಿಜವೋ ಎಂದು ತೂಗುವುದಿಲ್ಲ. ನಲವತ್ತೊಂದನೆಯ ದಿನ ಅವರನ್ನು ಕೈಹಿಡಿದು ಬಾವಿಗೆ ಕರೆತರುತ್ತಾರೆ. ಅವರು ಸೇದುತ್ತಾರೆ, ಆಗದಿದ್ದರೆ ಹಿಂದೆ ಒಬ್ಬರು ಹಗ್ಗ ಹಿಡಿಯುತ್ತಾರೆ. ಆ ಮೊದಲ ಕೊಡ ಹಳ್ಳ ದಾಟಿ ಚಿಕ್ಕಮಡ್ಡಿಗೆ ಹೋಗಬೇಕು, ಅಲ್ಲಿನ ಅತಿ ಚಿಕ್ಕ ಕೂಸಿನ ಬಾಯಿಗೆ.

ಕಳೆದ ಚುನಾವಣೆಯಲ್ಲಿ ಒಬ್ಬ ದೊಡ್ಡ ಮನುಷ್ಯ ನಮ್ಮೂರಿಗೂ ಬಂದಿದ್ದ. ಹಿಂದೆ ಮುಂದೆ ಹತ್ತು ಕಾರು, ತಲೆಗೆ ಗಾಯದ ಬಿಳಿ ಪಟ್ಟಿ. ವೇದಿಕೆಯ ಮೇಲೆ ನಿಂತು, ನನ್ನನ್ನು ಬದುಕಲು ಬಿಡುತ್ತಿಲ್ಲ, ನನಗೆ ನೀವೇ ದಿಕ್ಕು ಎಂದು ಮೈಕಿನಲ್ಲಿ ಅತ್ತ. ನಮ್ಮವರು ಕೂತು ಪೂರ್ತಿ ಕೇಳಿದರು. ಒಬ್ಬರೂ ಎದುರಾಡಲಿಲ್ಲ, ಒಬ್ಬರೂ ನಗಲಿಲ್ಲ. ಅವನು ಕಣ್ಣೊರೆಸಿಕೊಂಡು ಕೆಳಗೆ ಇಳಿಯುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಯಾರೋ ಒಂದು ಬರಿಕೊಡ ಇಟ್ಟಿದ್ದರು, ಅದರ ಕೊರಳಿಗೆ ಹಗ್ಗ ಬಿಗಿದಿತ್ತು.